ತುಂಬಲೂ ತೆಗೆಯಲೂ ಒಂದೇ ಕನ್ವರ್ಟರ್: ಮಲೆನಾಡಿಗೆ ತಕ್ಕಂತೆ ಕಟ್ಟಬೇಕು

ಮಾನ್ಯ ಸಂಪಾದಕರೇ,

ಶರಾವತಿ ಕಣಿವೆಯ 2000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯ ಪರ-ವಿರೋಧದ ಚರ್ಚೆ ಪತ್ರಿಕೆಗಳಲ್ಲಿ ನಡೆಯುತ್ತಲೇ ಇದೆ. ನಡೆಯಲೇಬೇಕಾದ ಚರ್ಚೆ ಅದು. ಹೆಚ್ಚಾದ ಕರೆಂಟನ್ನು ಕೂಡಿಟ್ಟು ಬೇಕಾದಾಗ ತೆಗೆಯುವ ಇದೇ ಕೆಲಸವನ್ನು ಒಂದು ಮನೆಯ ಮಟ್ಟದಲ್ಲಿ ಮಾಡುವ ಪೆಟ್ಟಿಗೆಯ, ಅಂದರೆ ಬ್ಯಾಟರಿಗೆ ತುಂಬಲೂ ಅದರಿಂದ ತೆಗೆಯಲೂ ಬರುವ ಎರಡು ದಿಕ್ಕಿನ ಕನ್ವರ್ಟರಿನ ಬಗ್ಗೆ ಮಾತ್ರ ಯಾರೂ ಬರೆಯುತ್ತಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ, ಶೃಂಗೇರಿ ಕಡೆಯ ಒಂಟಿ ಮನೆಗಳಿಗೆ ಮಳೆಗಾಲದಲ್ಲಿ ನಿಜಕ್ಕೂ ಬೇಕಾಗಿರುವುದು ಅದೇ. ಅದನ್ನು ನಮ್ಮ ಜಿಲ್ಲೆಯಲ್ಲೇ ವಿನ್ಯಾಸ ಮಾಡಿ ಕಟ್ಟಬಹುದು ಎಂದು ಲೆಕ್ಕ ಸಮೇತ ಹೇಳುವುದಕ್ಕೆ ಈ ಪತ್ರ.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. ಪಿಎಂ ಸೂರ್ಯಘರ್ ಯೋಜನೆ 2024ರಲ್ಲಿ ಬಂತು. 3 ಕಿಲೋವಾಟ್‌ಗೆ 78,000 ರೂಪಾಯಿ ಸಹಾಯಧನ ಸಿಗುತ್ತದೆಂದು ಮಲೆನಾಡಿನಲ್ಲೂ ಮಾಡಿನ ಮೇಲೆ ಪ್ಯಾನೆಲ್ ಹಾಕಿಸುತ್ತಿದ್ದಾರೆ. ಹಾಕಿಸಿದವರಲ್ಲಿ ಅನೇಕರು, ಲೈನ್ ಹೋದರೂ ಮನೆಯಲ್ಲಿ ದೀಪ ಉರಿಯುತ್ತದೆ ಎಂದುಕೊಂಡಿರುತ್ತಾರೆ. ಗ್ರಿಡ್‌ಗೆ ಜೋಡಿಸಿದ ಸಾಮಾನ್ಯ ಇನ್ವರ್ಟರ್ ಹಾಗೆ ಕೆಲಸ ಮಾಡುವುದಿಲ್ಲ. ಲೈನ್ ವೋಲ್ಟೇಜ್ ನಿಗದಿತ ಮಟ್ಟದ ಶೇ 80ಕ್ಕಿಂತ ಕೆಳಗೆ ಅಥವಾ ಶೇ 110ಕ್ಕಿಂತ ಮೇಲೆ ಹೋದರೆ 2 ಸೆಕೆಂಡಿನೊಳಗೆ ಅದು ಕಳಚಿಕೊಳ್ಳಲೇಬೇಕು ಎಂಬುದು ನಿಯಮ. ಮರ ಬಿದ್ದು ಹರಿದ ತಂತಿಯನ್ನು ಕಟ್ಟಲು ಕಂಬ ಹತ್ತಿದ ಲೈನ್‌ಮನ್‌ನ ಜೀವ ಈ ನಿಯಮದ ಮೇಲೆ ನಿಂತಿದೆ. ಹಾಗಾಗಿ ಬಿಸಿಲಿದ್ದರೂ ಪ್ಯಾನೆಲ್ ಸುಮ್ಮನಿರುತ್ತದೆ, ಮನೆ ಕತ್ತಲೆ. ಬ್ಯಾಟರಿ, ಅದಕ್ಕೆ ತುಂಬುವ ಮತ್ತು ಅದರಿಂದ ತೆಗೆಯುವ ಕನ್ವರ್ಟರ್, ಜೊತೆಗೆ ಲೈನಿನಿಂದ ಮನೆಯನ್ನು ಪೂರ್ತಿ ಬೇರ್ಪಡಿಸುವ ರಿಲೇ, ಈ ಮೂರೂ ಇದ್ದರೆ ಮಾತ್ರ ದೀಪ ಉರಿಯುತ್ತದೆ.

ಎರಡೂ ದಿಕ್ಕಿಗೆ ಕರೆಂಟು ಹರಿಸುವುದು ನಮ್ಮ ಮೆಕ್ಯಾನಿಕ್‌ಗಳಿಗೆ ಹೊಸದೇನೂ ಅಲ್ಲ. ಮನೆ ಮನೆಯಲ್ಲಿರುವ 12 ವೋಲ್ಟಿನ ಯುಪಿಎಸ್ ಬಿಚ್ಚಿ ನೋಡಿ. ಹೆಚ್ಚಿನವುಗಳಲ್ಲಿ ಪ್ರತ್ಯೇಕ ಚಾರ್ಜರ್ ಇರುವುದಿಲ್ಲ. ಕರೆಂಟು ಹೋದಾಗ ಯಾವ ಮಾಸ್‌ಫೆಟ್ (ಕ್ಷಣಾರ್ಧದಲ್ಲಿ ಆನ್ ಆಫ್ ಆಗುವ ಎಲೆಕ್ಟ್ರಾನಿಕ್ ಸ್ವಿಚ್) ಸಾಲು ಬ್ಯಾಟರಿಯಿಂದ 230 ವೋಲ್ಟ್ ಮಾಡುತ್ತದೋ, ಕರೆಂಟು ಬಂದಾಗ ಅದೇ ಸಾಲು, ಅದೇ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಬಳಸಿ ಬ್ಯಾಟರಿ ತುಂಬುತ್ತದೆ. ಕೆಳಗಿನ ಮಾಸ್‌ಫೆಟ್‌ಗಳು ಕ್ಷಣಕ್ಷಣಕ್ಕೂ ಆನ್ ಆಗಿ ಟ್ರಾನ್ಸ್‌ಫಾರ್ಮರಿನ ಲೀಕೇಜ್ ಇಂಡಕ್ಟನ್ಸ್‌ನಲ್ಲಿ (ಸುರುಳಿಯೇ ಒಂದಿಷ್ಟು ಶಕ್ತಿ ಹಿಡಿದಿಡುವ ಗುಣ) ಶಕ್ತಿ ತುಂಬುತ್ತವೆ, ಆಫ್ ಆದಾಗ ಅದು ಮೇಲಿನ ಮಾಸ್‌ಫೆಟ್‌ಗಳ ಒಳಗೇ ಇರುವ ಬಾಡಿ ಡಯೋಡ್‌ಗಳ (ಒಂದೇ ದಿಕ್ಕಿಗೆ ಕರೆಂಟು ಬಿಡುವ ಬಾಗಿಲು) ಮೂಲಕ ಬ್ಯಾಟರಿಗೆ ಇಳಿಯುತ್ತದೆ. ಕರೆಂಟು ಬಂದ ಕ್ಷಣದಲ್ಲೇ ಯುಪಿಎಸ್ ಸುಟ್ಟುಹೋಯಿತು ಎಂಬ ದೂರಿಗೂ ಹಲವು ಸಲ ಕಾರಣ ಇಲ್ಲೇ ಇರುತ್ತದೆ: ಬ್ರಿಡ್ಜ್ (ಆ ಮಾಸ್‌ಫೆಟ್ ಸಾಲು) ಇನ್ನೂ 230 ವೋಲ್ಟ್ ಹೊರಡಿಸುತ್ತಿರುವಾಗಲೇ ರಿಲೇ ಲೈನಿಗೆ ಕೂತುಬಿಟ್ಟರೆ, ಫೇಸ್ ಹೊಂದದ ಎರಡು ವೋಲ್ಟೇಜ್‌ಗಳು ಮುಖಾಮುಖಿಯಾಗುತ್ತವೆ. ದಿಕ್ಕು ಬದಲಾಗುವ ಕ್ಷಣವನ್ನು ಮೊದಲು ವಿನ್ಯಾಸ ಮಾಡಿ, ಉಳಿದದ್ದನ್ನು ಆಮೇಲೆ ಮಾಡಬೇಕು ಎಂದು ನಾವು ಒತ್ತಿ ಹೇಳುವುದು ಇದಕ್ಕೇ.

ಮಲೆನಾಡಿಗೆ ಹೊಂದುವ ಒಂದು ಉದಾಹರಣೆ ತೆಗೆದುಕೊಳ್ಳೋಣ. ತೋಟದ ಮೇಲಿನ ಹಳ್ಳದಲ್ಲಿ ಮಳೆಗಾಲದಲ್ಲಿ ಸೆಕೆಂಡಿಗೆ 5 ಲೀಟರ್ ನೀರು, 20 ಮೀಟರ್ ಎತ್ತರದಿಂದ ಪೈಪಿನಲ್ಲಿ ಇಳಿಯುತ್ತದೆ ಎನ್ನಿ. ಅದರ ಪೂರ್ಣ ಶಕ್ತಿ 981 ವಾಟ್. ಪೈಪು, ಟರ್ಬೈನ್, ಜನರೇಟರ್ ಎಲ್ಲ ಸೇರಿ ಅರ್ಧ ದಕ್ಕಿದರೂ ಸುಮಾರು 490 ವಾಟ್, ದಿನಕ್ಕೆ ಹನ್ನೆರಡು ಯೂನಿಟ್‌ನ ಹತ್ತಿರ. ಬಿಸಿಲೇ ಕಾಣದ ಆಷಾಢದಲ್ಲಿ ಪ್ಯಾನೆಲ್ ಕೊಡದ್ದನ್ನು ಹಳ್ಳ ಕೊಡುತ್ತದೆ. ಈ ಟರ್ಬೈನ್ 48 ವೋಲ್ಟಿನ ಡಿಸಿ ಬಸ್‌ಗೆ, ಅಂದರೆ ಎಲ್ಲವೂ ಬಂದು ಸೇರುವ ಸಾಮಾನ್ಯ ತಂತಿ ಜೋಡಿಗೆ, ಕರೆಂಟು ಕೊಡುತ್ತದೆ. ಬೇಸಿಗೆಯ ಸೋಲಾರ್ ಕೂಡ ಅಲ್ಲಿಗೇ. ಮನೆಯ ಇನ್ವರ್ಟರ್ ಅಲ್ಲಿಂದಲೇ ತೆಗೆಯುತ್ತದೆ. ಬ್ಯಾಟರಿ ಲಿಥಿಯಂ ಐರನ್ ಫಾಸ್ಫೇಟ್, 8 ಸೆಲ್ ಸರಣಿ, 25.6 ವೋಲ್ಟ್, 100 ಎಎಚ್. ಬಸ್ಸಿಗೂ ಬ್ಯಾಟರಿಗೂ ನಡುವೆ 500 ವಾಟ್‌ನ ಕನ್ವರ್ಟರ್.

ಇಲ್ಲಿ ಒಂದು ಚಾರ್ಜರ್, ಇನ್ನೊಂದು ಬೂಸ್ಟ್ (ವೋಲ್ಟೇಜ್ ಏರಿಸುವ) ಕನ್ವರ್ಟರ್ ಕೊಂಡು ಎದುರುಬದುರು ಕಟ್ಟುವವರಿದ್ದಾರೆ. ಅದು ಬೇಡ. ಎರಡೂ ತಮ್ಮ ತಮ್ಮ ಅಳತೆಯಂತೆ ಬಸ್ಸಿನ ವೋಲ್ಟೇಜನ್ನು ಸರಿಪಡಿಸಲು ಹೋಗುತ್ತವೆ. ಎರಡರ ಸೆಟ್ಟಿಂಗ್‌ನಲ್ಲಿ ಅರ್ಧ ವೋಲ್ಟ್ ವ್ಯತ್ಯಾಸವಿದ್ದರೂ ಸಾಕು, ಒಂದು ಬ್ಯಾಟರಿಯಿಂದ ತೆಗೆದದ್ದನ್ನು ಇನ್ನೊಂದು ಬ್ಯಾಟರಿಗೇ ತುಂಬುತ್ತಾ ಕೂರುತ್ತದೆ. ಕೈಗೆ ಸಿಗುವುದು ಬರೀ ಬಿಸಿ.

ಬೇಕಾದದ್ದು ಹಾಫ್ ಬ್ರಿಡ್ಜ್: ಎರಡು ಮಾಸ್‌ಫೆಟ್, ಒಂದು ಇಂಡಕ್ಟರ್ (ಕೋರಿನ ಮೇಲೆ ಸುತ್ತಿದ ಸುರುಳಿ), ಎರಡೂ ಕಡೆ ಕೆಪಾಸಿಟರ್. ಬಸ್ಸಿನಿಂದ ಬ್ಯಾಟರಿಗೆ ಹರಿದರೆ ಅದು ಬಕ್ (ವೋಲ್ಟೇಜ್ ಇಳಿಸುವುದು), ಬ್ಯಾಟರಿಯಿಂದ ಬಸ್ಸಿಗೆ ಹರಿದರೆ ಬೂಸ್ಟ್. ವೈರಿಂಗ್ ಬದಲಾಗುವುದಿಲ್ಲ, ಇಂಡಕ್ಟರಿನ ಸರಾಸರಿ ಕರೆಂಟಿನ ಚಿಹ್ನೆ ಮಾತ್ರ ಬದಲಾಗುತ್ತದೆ.

ಇಂಡಕ್ಟರಿನ ಲೆಕ್ಕ ಹೀಗೆ. ಬ್ಯಾಟರಿ 24 ವೋಲ್ಟಿಗೆ ಇಳಿದಾಗ 500 ವಾಟ್‌ಗೆ 20.8 ಆಂಪಿಯರ್, ನಷ್ಟ ಸೇರಿಸಿ 22 ಎಂದಿಟ್ಟುಕೊಳ್ಳಿ. ಸ್ವಿಚಿಂಗ್ 40 ಕಿಲೋಹರ್ಟ್ಸ್, ರಿಪಲ್ (ಕರೆಂಟಿನ ಏರಿಳಿತ) 6 ಆಂಪಿಯರ್ ಇರಲಿ. ಬ್ಯಾಟರಿ 24, ಬಸ್ 48 ಆದ್ದರಿಂದ ಡ್ಯೂಟಿ (ಒಂದು ಸೈಕಲ್‌ನಲ್ಲಿ ಸ್ವಿಚ್ ಆನ್ ಇರುವ ಪಾಲು) ಅರ್ಧ. 24ನ್ನು ಅರ್ಧದಿಂದ ಗುಣಿಸಿ, 40,000 ಮತ್ತು 6ರ ಗುಣಲಬ್ಧದಿಂದ ಭಾಗಿಸಿದರೆ 50 ಮೈಕ್ರೊಹೆನ್ರಿ. ಕರೆಂಟಿನ ತುದಿ 22ಕ್ಕೆ 3 ಸೇರಿ 25 ಆಂಪಿಯರ್. ಕೋರ್ 35 ಆಂಪಿಯರ್‌ವರೆಗೆ ಸ್ಯಾಚುರೇಟ್ ಆಗಬಾರದು, ಅಂದರೆ ಅದರ ಕಾಂತತ್ವ ತುಂಬಿ ನಿಲ್ಲಬಾರದು. ಇಲ್ಲಿ ಉಳಿತಾಯ ಮಾಡಿದರೆ ಕೋರ್ ಬಿಸಿಯಾದ ಮೇಲೆ ಇಂಡಕ್ಟನ್ಸ್ ಕುಸಿದು, ಒಂದೇ ಸೈಕಲ್‌ನಲ್ಲಿ ಕರೆಂಟು ನೆಗೆದು ಮಾಸ್‌ಫೆಟ್ ಹೋಗುತ್ತದೆ. ಟೇಬಲ್ ಮೇಲೆ ಹತ್ತು ನಿಮಿಷ ಚೆನ್ನಾಗಿ ಓಡಿದ್ದು ಮನೆಯಲ್ಲಿ ಒಂದು ಗಂಟೆಗೆ ಸುಟ್ಟರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಸುತ್ತಲು ಒಂದೇ ದಪ್ಪ ತಂತಿ ಬೇಡ. 23 ಗೇಜ್ ಎನಾಮೆಲ್ ತಂತಿಯ 19 ಎಳೆ ಹೊಸೆದರೆ 5.5 ಚದರ ಮಿಲಿಮೀಟರ್ ಸಿಗುತ್ತದೆ. ಮೋಟಾರ್ ರಿವೈಂಡಿಂಗ್ ಮಾಡುವವರಿಗೆ ಇದು ಗೊತ್ತಿರುವ ಕೆಲಸವೇ.

ಬಸ್ ಕಡೆಯ ಕೆಪಾಸಿಟರಿನ ವಿಷಯದಲ್ಲಿ ಆಗುವಷ್ಟು ಅಲಕ್ಷ್ಯ ಬೇರೆ ಯಾವುದರಲ್ಲೂ ಆಗುವುದಿಲ್ಲ. ಮೈಕ್ರೊಫ್ಯಾರಡ್ ನೋಡಿ ಒಂದು ದೊಡ್ಡ ಡಬ್ಬಿ ಹಾಕಿ ಮುಗಿಸುತ್ತಾರೆ. ನೋಡಬೇಕಾದದ್ದು ರಿಪಲ್ ಕರೆಂಟ್. ಅರ್ಧ ಡ್ಯೂಟಿಯಲ್ಲಿ ಬೂಸ್ಟ್ ಓಡುವಾಗ ಆ ಕೆಪಾಸಿಟರಿನಲ್ಲಿ ಹೆಚ್ಚುಕಡಿಮೆ ಔಟ್‌ಪುಟ್‌ನಷ್ಟೇ, ಅಂದರೆ 10.4 ಆಂಪಿಯರ್ ಆರ್‌ಎಂಎಸ್ ಓಡಾಡುತ್ತದೆ. ತಲಾ 2 ಆಂಪಿಯರ್ ತಾಳುವ 1000 ಮೈಕ್ರೊಫ್ಯಾರಡ್, 100 ವೋಲ್ಟಿನ ಲೋ ಇಎಸ್‌ಆರ್ (ಒಳಗಿನ ರೆಸಿಸ್ಟೆನ್ಸ್ ಕಡಿಮೆ ಇರುವ) ಕೆಪಾಸಿಟರ್ ಆರು ಬೇಕು. ಒಂದನ್ನೇ ಹಾಕಿದರೆ ಅದರ ತಲೆ ಉಬ್ಬಿ ಸೋರುವುದಕ್ಕೆ ಹೆಚ್ಚು ದಿನ ಬೇಕಿಲ್ಲ. ಜೊತೆಗೆ ಎರಡು ಮಾಸ್‌ಫೆಟ್‌ಗಳ ಕಾಲಿಗೆ ಅಂಟಿಕೊಂಡಂತೆ ಸೆರಾಮಿಕ್ ಕೆಪಾಸಿಟರ್ ಇರಬೇಕು. ಯಾಕೆಂದರೆ ಆ ಸಣ್ಣ ಲೂಪಿನಲ್ಲಿ ಬರೀ 20 ನ್ಯಾನೊಹೆನ್ರಿ ಉಳಿದಿದ್ದರೂ, 22 ಆಂಪಿಯರ್ 20 ನ್ಯಾನೊಸೆಕೆಂಡಿನಲ್ಲಿ ನಿಂತರೆ 22 ವೋಲ್ಟ್ ಹೆಚ್ಚುವರಿಯಾಗಿ ಹುಟ್ಟುತ್ತದೆ. ಬಸ್ 60ಕ್ಕೆ ಏರಿದ ಗಳಿಗೆಯಲ್ಲೇ ಅದೂ ಬಂದರೆ ಒಟ್ಟು 82. ಅದು 80 ವೋಲ್ಟಿನ ಮಾಸ್‌ಫೆಟ್‌ನ ಮಿತಿಯನ್ನೇ ದಾಟಿತು. 100 ವೋಲ್ಟಿನದೇ ಹಾಕಿ.

ಕರೆಂಟ್ ಸೆನ್ಸರ್ ಎರಡೂ ಚಿಹ್ನೆ ಓದಬೇಕು. ಸೊನ್ನೆ ಆಂಪಿಯರಿಗೆ ಅರ್ಧ ಸಪ್ಲೈ ತೋರಿಸುವ ಹಾಲ್ ಸೆನ್ಸರ್ (ಕಾಂತಕ್ಷೇತ್ರದಿಂದ ಕರೆಂಟು ಅಳೆಯುವುದು) ಸಾಕು, ಆದರೆ ಆ ಅರ್ಧ ಎಲ್ಲಿದೆ ಎಂದು ಪ್ರತಿ ಸಲ ಶುರುವಾಗುವಾಗ, ಗೇಟ್‌ಗಳು (ಮಾಸ್‌ಫೆಟ್ ಆನ್ ಆಫ್ ಮಾಡುವ ಕಾಲು) ಆಫ್ ಇದ್ದಾಗ, ಅಳೆದು ಕಳೆಯಬೇಕು. ಆಂಪಿಯರಿಗೆ 40 ಮಿಲಿವೋಲ್ಟ್ ಕೊಡುವ ಸೆನ್ಸರಿನಲ್ಲಿ 20 ಮಿಲಿವೋಲ್ಟ್ ತಪ್ಪು ಉಳಿದರೆ ಅರ್ಧ ಆಂಪಿಯರ್ ತಪ್ಪು. ಕಂಟ್ರೋಲರ್ ಸೊನ್ನೆ ಎಂದು ನಂಬಿ ಕೂತಿರುವಾಗ ಬ್ಯಾಟರಿಯಿಂದ ದಿನಕ್ಕೆ 12 ಎಎಚ್ ಜಾರಿಹೋಗಿರುತ್ತದೆ.

ಕಂಟ್ರೋಲ್‌ನಲ್ಲಿ ‘ಈಗ ಚಾರ್ಜ್ ಮೋಡ್’, ‘ಈಗ ಡಿಸ್ಚಾರ್ಜ್ ಮೋಡ್’ ಎಂದು ಎರಡು ಪ್ರೋಗ್ರಾಂ ಬರೆಯಬೇಡಿ. ಹೊರಗಿನ ಲೂಪ್ (ಅಳೆದು ಅಳೆದು ಸರಿಪಡಿಸುತ್ತಿರುವ ಲೆಕ್ಕ) ಬಸ್ಸನ್ನು 48ಕ್ಕೆ ಹಿಡಿಯಲಿ. ಅದರ ಉತ್ತರವೇ ಒಳಗಿನ ಕರೆಂಟ್ ಲೂಪಿಗೆ ಗುರಿ: ಪ್ಲಸ್ ಬಂದರೆ ತುಂಬು, ಮೈನಸ್ ಬಂದರೆ ತೆಗೆ. ಮಾಸ್‌ಫೆಟ್‌ಗಳು ಯಾವಾಗಲೂ ಒಂದಕ್ಕೊಂದು ಪೂರಕವಾಗಿ, ನಡುವೆ 200ರಿಂದ 300 ನ್ಯಾನೊಸೆಕೆಂಡ್ ಡೆಡ್ ಟೈಮ್ (ಎರಡೂ ಆಫ್ ಇರುವ ಗಳಿಗೆ) ಬಿಟ್ಟು ಓಡುತ್ತಿದ್ದರೆ, ಇಂಡಕ್ಟರ್ ಕರೆಂಟು ಸೊನ್ನೆಯನ್ನು ದಾಟಿ ಆ ಕಡೆಗೆ ನುಣುಪಾಗಿ ಹೋಗುತ್ತದೆ. ಬ್ಯಾಟರಿ ತುಂಬಿದಾಗ ಪ್ಲಸ್ ಮಿತಿಯನ್ನು ಸೊನ್ನೆಗೆ ತರುವುದು, ಖಾಲಿಯಾದಾಗ ಮೈನಸ್ ಮಿತಿಯನ್ನು ಸೊನ್ನೆಗೆ ತರುವುದು, ಅಷ್ಟೇ ಬಿಎಂಎಸ್ (ಬ್ಯಾಟರಿ ಕಾಯುವ ಬೋರ್ಡ್) ಜೊತೆಗಿನ ಮಾತುಕತೆ. ಒಳ ಲೂಪನ್ನು 4 ಕಿಲೋಹರ್ಟ್ಸ್‌ವರೆಗೆ ಚುರುಕಾಗಿಡಬಹುದು. ಹೊರ ಲೂಪಿಗೆ ಆ ಆತುರ ಕೂಡದು. ಬೂಸ್ಟ್ ದಿಕ್ಕಿನಲ್ಲಿ ಹೆಚ್ಚು ಕೊಡಲು ಹೋದಾಗ ಇಂಡಕ್ಟರ್ ಮೊದಲು ತನಗೆ ತುಂಬಿಕೊಳ್ಳುತ್ತದೆ, ಹಾಗಾಗಿ ಬಸ್ ವೋಲ್ಟೇಜ್ ಕೊಂಚ ಇಳಿದೇ ಏರುವುದು. ಅದನ್ನು ಕಂಡು ಲೂಪ್ ಇನ್ನಷ್ಟು ಒತ್ತಿದರೆ ತೂಗಾಟ ಶುರುವಾಗುತ್ತದೆ. ನಮ್ಮ ಅಂಕಿಗಳಲ್ಲಿ ಈ ತೊಡಕು 3.7 ಕಿಲೋಹರ್ಟ್ಸ್ ಹತ್ತಿರ ಬರುತ್ತದೆ. ಹೊರ ಲೂಪನ್ನು 500ರಿಂದ 700 ಹರ್ಟ್ಸ್‌ನೊಳಗೆ ನಿಲ್ಲಿಸಿದರೆ ಕ್ಷೇಮ. ಚಾರ್ಜ್ ಆಗುವಾಗ ಸರಿಯಿದ್ದ ಕನ್ವರ್ಟರ್ ಡಿಸ್ಚಾರ್ಜ್ ಆಗುವಾಗ ಮಾತ್ರ ಗುಂಯ್‌ಗುಟ್ಟಿದರೆ ಕಾರಣ ಇದೇ ಇರಬಹುದು.

ಶುರು ಮಾಡುವ ಕ್ರಮದಲ್ಲಿ ತಪ್ಪಿದರೆ ಮೊದಲ ಮಿಲಿಸೆಕೆಂಡಿನಲ್ಲೇ ಎಲ್ಲ ಮುಗಿಯುತ್ತದೆ. ಮೇಲಿನ ಮಾಸ್‌ಫೆಟ್‌ನ ಬಾಡಿ ಡಯೋಡ್ ಬ್ಯಾಟರಿಯಿಂದ ಬಸ್ಸಿಗೆ ಯಾವಾಗಲೂ ತೆರೆದ ಬಾಗಿಲು. ಬಸ್ ಖಾಲಿಯಿರುವಾಗ ಬ್ಯಾಟರಿ ಜೋಡಿಸಿದರೆ ಕರೆಂಟು ಯಾರ ಅಪ್ಪಣೆಯೂ ಇಲ್ಲದೆ ನುಗ್ಗುತ್ತದೆ. ಬಸ್ ಶಾರ್ಟ್ ಆಗಿದ್ದರಂತೂ ಮಾಸ್‌ಫೆಟ್ ಆಫ್ ಮಾಡಿ ಅದನ್ನು ತಡೆಯಲಾಗದು. ಹಾಗಾಗಿ ಬ್ಯಾಟರಿ ತುದಿಯಲ್ಲಿ ಡಿಸಿ ಫ್ಯೂಸ್ ಮತ್ತು ಕಾಂಟ್ಯಾಕ್ಟರ್ (ದೊಡ್ಡ ಕರೆಂಟಿನ ರಿಲೇ), ಕಾಂಟ್ಯಾಕ್ಟರಿಗೆ ಅಡ್ಡಲಾಗಿ 10 ಓಮ್, 10 ವಾಟ್ ವೈರ್‌ವೌಂಡ್ ರೆಸಿಸ್ಟರಿನ ಪ್ರಿಚಾರ್ಜ್ (ಬಸ್ಸನ್ನು ಮೊದಲೇ ಮೆಲ್ಲಗೆ ತುಂಬುವ) ರಿಲೇ ಬೇಕು. 6000 ಮೈಕ್ರೊಫ್ಯಾರಡ್ ತುಂಬಲು 0.3 ಸೆಕೆಂಡ್ ಸಾಕು. ಬಸ್ ಬ್ಯಾಟರಿಯ ಹತ್ತಿರಕ್ಕೆ, 2 ವೋಲ್ಟ್ ಅಂತರದೊಳಗೆ ಬಂದರೆ ಮಾತ್ರ ಕಾಂಟ್ಯಾಕ್ಟರ್ ಕೂರಲಿ. ಒಂದು ಸೆಕೆಂಡಾದರೂ ಏರದಿದ್ದರೆ ಎಲ್ಲೋ ಶಾರ್ಟ್ ಇದೆ, ಅಲ್ಲಿಗೇ ನಿಲ್ಲಿಸಿ. ಮನೆಯ ಎಸಿ ಎಂಸಿಬಿಯನ್ನು ಬ್ಯಾಟರಿಗೆ ಹಾಕುವ ರೂಢಿ ಬಿಡಲೇಬೇಕು. ಎಸಿಯಲ್ಲಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುವುದರಿಂದ ಕಿಡಿ ಆರುತ್ತದೆ, ಡಿಸಿಯಲ್ಲಿ ಸೊನ್ನೆಯೇ ಇಲ್ಲ, ಎಂಸಿಬಿಯೊಳಗೆ ಆರ್ಕ್ ಉರಿಯುತ್ತಲೇ ಇರುತ್ತದೆ.

ಗೇಟ್ ಆನ್ ಮಾಡುವ ಮೊದಲ ಡ್ಯೂಟಿಯೂ ಅಳೆದದ್ದೇ ಇರಬೇಕು. ಬ್ಯಾಟರಿ 25.6, ಬಸ್ 48 ಇದ್ದರೆ ಮೇಲಿನ ಮಾಸ್‌ಫೆಟ್‌ಗೆ 0.53. ಸಾಫ್ಟ್ ಸ್ಟಾರ್ಟ್ ಎಂದು ಸೊನ್ನೆಯಿಂದ ಏರಿಸಿದರೆ ಅದರ ಪೂರಕವಾದ ಕೆಳಗಿನದು ಪೂರ್ತಿ ಆನ್ ಆಗಿ ಬ್ಯಾಟರಿಯನ್ನು ಇಂಡಕ್ಟರ್ ಮೂಲಕ ಶಾರ್ಟ್ ಮಾಡುತ್ತದೆ. ಮೈಕ್ರೊಸೆಕೆಂಡಿಗೆ ಅರ್ಧ ಆಂಪಿಯರ್ ಏರುತ್ತದೆ, 100 ಮೈಕ್ರೊಸೆಕೆಂಡಿಗೆ 50 ಆಂಪಿಯರ್. ಬಕ್ ಮಾತ್ರ ಕಟ್ಟಿ ಅಭ್ಯಾಸವಾದವರು ಬೀಳುವ ಹಳ್ಳ ಇದು. ಇದಕ್ಕೆ ಕಾವಲಾಗಿ ಪ್ರೋಗ್ರಾಂ ಅನ್ನು ನೆಚ್ಚದ ಒಂದು ಕಂಪ್ಯಾರೇಟರ್ (ಮಿತಿಯೊಂದಿಗೆ ಹೋಲಿಸಿ ನೋಡುವ ಚಿಪ್), ಎರಡೂ ದಿಕ್ಕಿನಲ್ಲಿ 32 ಆಂಪಿಯರ್ ದಾಟಿದರೆ ಗೇಟ್ ಕತ್ತರಿಸುವಂತೆ ಇರಲಿ.

ಈಗ ಮಲೆನಾಡಿನದೇ ಆದ ಕಷ್ಟಕ್ಕೆ ಬರೋಣ. ರಾತ್ರಿ ಎಲ್ಲರೂ ಮಲಗಿದ್ದಾರೆ, ಹಳ್ಳ ಜೋರಾಗಿದೆ, ಬ್ಯಾಟರಿ ತುಂಬಿತು, ಬಿಎಂಎಸ್ ಕಾಂಟ್ಯಾಕ್ಟರ್ ಬಿಚ್ಚಿತು. ಸೋಲಾರ್ ಕಂಟ್ರೋಲರ್ ಆದರೆ 52 ವೋಲ್ಟಿಗೆ ತಾನೇ ಕೈಬಿಡುತ್ತದೆ, ಟರ್ಬೈನ್ ಬಿಡುವುದಿಲ್ಲ. ಭಾರ ತಪ್ಪಿದರೆ ಅದು ಇನ್ನೂ ವೇಗವಾಗಿ ತಿರುಗಿ ವೋಲ್ಟೇಜ್ ಏರಿಸುತ್ತದೆ. ಬಸ್ಸಿನಲ್ಲಿರುವ 6000 ಮೈಕ್ರೊಫ್ಯಾರಡ್ 48ರಿಂದ 54 ವೋಲ್ಟಿಗೆ ಏರಲು 490 ವಾಟ್‌ಗೆ ಬೇಕಾದದ್ದು 4 ಮಿಲಿಸೆಕೆಂಡಿಗೂ ಕಡಿಮೆ, 60ಕ್ಕೆ ಏರಲು 8. ರಿಲೇ ಎಳೆದುಕೊಳ್ಳುವಷ್ಟರಲ್ಲಿ ಆಟ ಮುಗಿದಿರುತ್ತದೆ. ಡಂಪ್ ಲೋಡನ್ನು (ಹೆಚ್ಚಾದ ಕರೆಂಟನ್ನು ಬಿಸಿಯಾಗಿ ಕಳೆಯುವ ಭಾರ) ಮಾಸ್‌ಫೆಟ್‌ನಿಂದಲೇ, ಕನ್ವರ್ಟರಿನ ಪ್ರೋಗ್ರಾಂಗೆ ಸಂಬಂಧವಿಲ್ಲದ ಸ್ವಂತ ಕಂಪ್ಯಾರೇಟರಿನಿಂದ, 54ಕ್ಕೆ ಆನ್ 52ಕ್ಕೆ ಆಫ್ ಆಗುವಂತೆ ಓಡಿಸಬೇಕು. 60 ದಾಟಿದರೆ ಎಲ್ಲ ಟ್ರಿಪ್.

ಡಂಪ್ ಲೋಡಿಗೆ ಬಚ್ಚಲುಮನೆಯ ನೀರೇ ಸರಿ. ಆದರೆ ಅಂಗಡಿಯ 1500 ವಾಟ್ ಇಮ್ಮರ್ಶನ್ ಕಾಯಿಲ್ ತಂದು ಹಾಕಿ ನಿಶ್ಚಿಂತೆಯಿಂದ ಇರಬೇಡಿ. 230 ವೋಲ್ಟಿಗೆ ಮಾಡಿದ ಅದರ ರೆಸಿಸ್ಟೆನ್ಸ್ 35 ಓಮ್, 54 ವೋಲ್ಟಿನಲ್ಲಿ ಅದು ನುಂಗುವುದು 83 ವಾಟ್ ಮಾತ್ರ. 4.7 ಓಮ್‌ನ ಎಲಿಮೆಂಟ್ ಬೇಕು, ಅದು 620 ವಾಟ್ ತಿನ್ನುತ್ತದೆ. ನೀರಿಲ್ಲದೆ ಒಣಗಿ ಸುಡದಂತೆ ತೊಟ್ಟಿಗೆ ನೀರು ತಾನೇ ಬೀಳುತ್ತಿರಲಿ.

ತೇವದ ಮಾತು. ಫ್ಯಾನ್ ಇಟ್ಟ ಪೆಟ್ಟಿಗೆ ನಮ್ಮಲ್ಲಿ ಜುಲೈನ ಗಾಳಿಯನ್ನೇ ಒಳಗೆ ಎಳೆದುಕೊಳ್ಳುತ್ತದೆ, ಅದರೊಡನೆ ಇರುವೆಯನ್ನೂ. 500 ವಾಟ್‌ಗೆ ಶೇ 94 ದಕ್ಷತೆಯಲ್ಲಿ ಬಿಸಿಯಾಗುವುದು 32 ವಾಟ್. ವಾಟಿಗೆ 1.1 ಡಿಗ್ರಿಯ ಹೀಟ್‌ಸಿಂಕನ್ನು ಪೆಟ್ಟಿಗೆಯ ಹೊರಗೆ ನಿಲ್ಲಿಸಿದರೆ ಫ್ಯಾನೇ ಬೇಡ. ಬೋರ್ಡಿನ ಫ್ಲಕ್ಸ್ (ಬೆಸುಗೆ ಹಾಕಿದಾಗ ಉಳಿಯುವ ಅಂಟು) ತೊಳೆದು ಪೂರ್ತಿ ಒಣಗಿಸಿದ ಮೇಲೆಯೇ ಕೋಟಿಂಗ್ ಬಳಿಯಿರಿ. ತೊಳೆಯದೆ ಬಳಿದರೆ ತೇವ ಅದರಡಿಯಲ್ಲೇ ಉಳಿದು ಗೇಟ್ ದಾರಿಯಲ್ಲಿ ಸೋರಿಕೆ ಹುಟ್ಟುತ್ತದೆ.

ದೊಡ್ಡ ಹೈಬ್ರಿಡ್‌ಗಳಲ್ಲಿ (ಸೋಲಾರ್, ಬ್ಯಾಟರಿ, ಲೈನ್ ಮೂರಕ್ಕೂ ಜೋಡಿಸುವ ಇನ್ವರ್ಟರ್) 51.2 ವೋಲ್ಟಿನ ಬ್ಯಾಟರಿಗೂ 400 ವೋಲ್ಟಿನ ಬಸ್ಸಿಗೂ ನಡುವೆ ಎಂಟು ಪಟ್ಟು ಅಂತರ. ಹಾಫ್ ಬ್ರಿಡ್ಜ್ ಅಲ್ಲಿ ಎಳೆಯದು. 1991ರಲ್ಲಿ ಡಿ ಡಾಂಕರ್, ದಿವಾನ್, ಖೇರಲುವಾಲಾ ವಿವರಿಸಿದ ಡ್ಯುಯಲ್ ಆಕ್ಟಿವ್ ಬ್ರಿಡ್ಜ್ ಅದಕ್ಕೆ ಸೂಕ್ತ: ಟ್ರಾನ್ಸ್‌ಫಾರ್ಮರಿನ ಎರಡೂ ಕಡೆ ಒಂದೊಂದು ಬ್ರಿಡ್ಜ್, ಯಾವುದು ಮುಂದೆ ಓಡುತ್ತದೋ ಅತ್ತಲಿಂದ ಶಕ್ತಿ ಹರಿಯುತ್ತದೆ. 2 ಕಿಲೋವಾಟ್, 50 ಕಿಲೋಹರ್ಟ್ಸ್, 1:8 ಸುತ್ತು, ಪೂರ್ಣ ಭಾರಕ್ಕೆ 36 ಡಿಗ್ರಿ ಫೇಸ್ ಎಂದರೆ 400 ವೋಲ್ಟ್ ಕಡೆ ಸರಣಿಯಲ್ಲಿ ಬೇಕಾದ ಇಂಡಕ್ಟನ್ಸ್ ಸುಮಾರು 131 ಮೈಕ್ರೊಹೆನ್ರಿ. ಫೇಸನ್ನು ಒಮ್ಮೆಗೇ ತಿರುಗಿಸಿದರೆ ಟ್ರಾನ್ಸ್‌ಫಾರ್ಮರಿನಲ್ಲಿ ಡಿಸಿ ನಿಂತು ಕೋರ್ ಸ್ಯಾಚುರೇಟ್ ಆಗುತ್ತದೆ, ಮೆಲ್ಲಗೆ ತಿರುಗಿಸಬೇಕು. 400 ವೋಲ್ಟ್ ಕೈ ತಪ್ಪಿದರೆ ಪ್ರಾಣಕ್ಕೇ ಬರುತ್ತದೆ. 48 ವೋಲ್ಟಿನದು ಕೈಗೆ ಹತ್ತಿದ ಮೇಲೆಯೇ ಇದಕ್ಕೆ ಹೋಗಿ.

ಹೈಬ್ರಿಡ್ ಕೊಳ್ಳುವವರು ಅಂಗಡಿಯಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಬೇಕು: ಲೈನ್ ಕಳಚಿದಾಗ ನ್ಯೂಟ್ರಲ್ ಮತ್ತು ಅರ್ತ್ ಅನ್ನು ಒಳಗಿನ ರಿಲೇ ಜೋಡಿಸುತ್ತದೆಯೇ? ಲೈನ್ ಇದ್ದಾಗ ಆ ಜೋಡಣೆ ಟ್ರಾನ್ಸ್‌ಫಾರ್ಮರ್ ಕಂಬದ ಬಳಿ ಇರುತ್ತದೆ. ಮನೆ ಬೇರ್ಪಟ್ಟಾಗ ಅದು ಇಲ್ಲದಿದ್ದರೆ, ಒದ್ದೆ ಬಚ್ಚಲಲ್ಲಿ ಯಾರಿಗಾದರೂ ಶಾಕ್ ಹೊಡೆದರೂ ಆರ್‌ಸಿಸಿಬಿ (ಸೋರಿಕೆ ಕಂಡರೆ ಕರೆಂಟು ಕಡಿಯುವ ಸ್ವಿಚ್) ಬೀಳುವ ಭರವಸೆ ಇಲ್ಲ.

ಶಿವಮೊಗ್ಗ, ಭದ್ರಾವತಿಯ ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳ ಅಧ್ಯಾಪಕರಲ್ಲಿ ಒಂದು ವಿನಂತಿ. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಇದನ್ನು ಕೊಡಿ, ಆದರೆ ದಕ್ಷತೆಯ ಗ್ರಾಫ್ ನೋಡಿ ಅಂಕ ಕೊಡಬೇಡಿ, ದಿಕ್ಕು ತಿರುಗಿಸಿ ತೋರಿಸಲು ಹೇಳಿ. ಲ್ಯಾಬಿನ ಪವರ್ ಸಪ್ಲೈ ಕರೆಂಟನ್ನು ಹಿಂದಕ್ಕೆ ನುಂಗಲಾರದು, ಅದರತ್ತ ತಳ್ಳಿದರೆ ಸಪ್ಲೈಯೇ ಹೋಗುತ್ತದೆ. ಅದರ ಮುಂದೆ ಸರಣಿಯಲ್ಲಿ ಡಯೋಡ್, ಬಸ್ಸಿಗೆ ಸದಾ ಒಂದು ರೆಸಿಸ್ಟರ್ ಭಾರ ಇರಲಿ. ಮೊದಲಿಗೆ 12 ವೋಲ್ಟ್ 7 ಎಎಚ್‌ನ ಎರಡು ಬ್ಯಾಟರಿ ಸರಣಿ, 10 ಆಂಪಿಯರ್ ಡಿಸಿ ಫ್ಯೂಸ್. ಬಸ್ಸನ್ನು ಸಪ್ಲೈಯೇ ಹಿಡಿದಿರುವಾಗ ಕರೆಂಟಿನ ಗುರಿಯನ್ನು ಕೈಯಿಂದ ಕೊಟ್ಟು ಪ್ಲಸ್ 2ರಿಂದ ಮೈನಸ್ 2 ಆಂಪಿಯರಿಗೆ ತಿರುಗಿಸಿ, ಸೊನ್ನೆ ದಾಟುವಲ್ಲಿ ಗಂಟು ಕಾಣದಿರುವುದನ್ನು ಸ್ಕೋಪಿನಲ್ಲಿ ನೋಡಿ. ಆಮೇಲೆ ದೊಡ್ಡ ಬ್ಯಾಟರಿ ಜೋಡಿಸಿ, ಹೊರ ಲೂಪ್ ಆನ್ ಮಾಡಿ, ಬಸ್ಸಿನ ಭಾರವನ್ನು ಹಾಕಿ ತೆಗೆದು 15 ಆಂಪಿಯರ್ ಅತ್ತಿತ್ತ ತಿರುಗುವಂತೆ ಮಾಡಿ. ಬಸ್ 2 ವೋಲ್ಟಿಗಿಂತ ಹೆಚ್ಚು ಅಲುಗಬಾರದು. ಕೊನೆಗೆ, ಪೂರ್ಣ ಚಾರ್ಜ್ ಓಡುತ್ತಿರುವಾಗ ಕಾಂಟ್ಯಾಕ್ಟರನ್ನು ಬೇಕೆಂದೇ ಬಿಚ್ಚಿ, ಡಂಪ್ ಹಿಡಿದುಕೊಂಡು ಬಸ್ 60ರ ಒಳಗೇ ನಿಲ್ಲುತ್ತದೆಯೇ ನೋಡಿ. ಈ ಕೊನೆಯದರಲ್ಲಿ ಪಾಸಾಗದ ಪೆಟ್ಟಿಗೆಯನ್ನು ಯಾರ ಮನೆಗೂ ಕಳಿಸಬೇಡಿ.

ಪವರ್ ಎಲೆಕ್ಟ್ರಾನಿಕ್ಸ್ ವಿನ್ಯಾಸ ಮತ್ತು ದುರಸ್ತಿ ಕೆಲಸದಲ್ಲಿರುವ ಓದುಗರು,
ತೀರ್ಥಹಳ್ಳಿ, ಶಿವಮೊಗ್ಗ ಜಿಲ್ಲೆ